ಚರ್ಮವಾದ್ಯಕ್ಕೆ ನಾಲ್ಕೇ ಮೆಟ್ಟಿಲೆ?

"ಮಗ ಕಾಲೇಜಿಗೆ ಹೋದದ್ದು ಡೋಲು ಬಡಿಯುವುದಕ್ಕೇನು?" ಎಂದು ಕೇಳುವ ತಂದೆಯರು ಅಮೆರಿಕೆಯಲ್ಲಿ ನೆಲೆಸಿರುವ ನಮ್ಮವರಲ್ಲಿ ಅಪರೂಪವಲ್ಲ. ಅಲ್ಲಿನ ಕಮ್ಯುನಿಟಿ ಕಾಲೇಜುಗಳ ಪಾಠಪಟ್ಟಿಯಲ್ಲಿ ಗಣಿತ, ರಸಾಯನಶಾಸ್ತ್ರಗಳ ಜೊತೆಗೇ 'ಜಗತ್ತಿನ ಸಂಗೀತ' ಎಂದೂ 'ಕೈವಾದ್ಯ' ಎಂದೂ ಪಾಠಗಳಿರುತ್ತವೆ; ಅವಕ್ಕೂ ಕ್ರೆಡಿಟ್ ಉಂಟು. ಇದನ್ನು ಕಂಡು ನಮ್ಮವರು ನಗುತ್ತಾರೆ. ಅಲ್ಲಿನ ತೆರಿಗೆದಾರರಲ್ಲಿಯೂ ಎಷ್ಟೋ ಮಂದಿ ನಗುತ್ತಾರೆ. ನಮ್ಮವರ ನಗೆಯಿಂದ ಯಾರಿಗೂ ನಷ್ಟವಿಲ್ಲ. ಅವರ ನಗೆಯಾದರೋ ಸರ್ಕಾರದ ನಿಯಮವಾಗಿ ಕುಳಿತಿದೆ. ಅದಕ್ಕಾಗಿ ಈ ಮಾತು.

ಈ ಕಾಲೇಜುಗಳು ಏಕಿವೆ ಎಂಬುದನ್ನು ಮೊದಲು ನೆನೆಯಬೇಕು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗವು, ಊರೂರಿನ ಜನಕ್ಕೆ ಕೈಗೆಟುಕುವ ಕಾಲೇಜುಗಳು ಬೇಕೆಂದು ಶಿಫಾರಸು ಮಾಡಿತು. ಕ್ಯಾಲಿಫೋರ್ನಿಯ ಒಂದರಲ್ಲೇ ಇಂದು ಇಂಥವು 116 ಇವೆ. ಅಲ್ಲಿನ ನಿವಾಸಿಗೆ ಯೂನಿಟ್ಟೊಂದಕ್ಕೆ 46 ಡಾಲರು ಶುಲ್ಕ. ಹಗಲೆಲ್ಲ ಅಂಗಡಿಯಲ್ಲಿ ನಿಂತವನೂ ಆಸ್ಪತ್ರೆಯ ಪಾಳಿ ಮುಗಿಸಿದವಳೂ ನಿವೃತ್ತರಾದ ಮುದುಕರೂ ಹತ್ತೊಂಬತ್ತರ ಹುಡುಗರೊಡನೆ ಒಂದೇ ಬೆಂಚಿನಲ್ಲಿ ಕೂರುವ ಜಾಗ ಅದು.

ಇನ್ನು 'ಬಡಿಯುವುದು' ಎಂಬ ಮಾತು. ಘಾನಾ ದೇಶದ ಎವೆ ಜನರ ಮೇಳದಲ್ಲಿ ಗಂಕೋಗುಯಿ ಎಂಬ ಕಬ್ಬಿಣದ ಜೋಡಿಗಂಟೆಯೊಂದುಂಟು. ಹನ್ನೆರಡು ಮಾತ್ರೆಗಳ ಅವಧಿಯಲ್ಲಿ ಅದಕ್ಕೆ ಏಳು ಪೆಟ್ಟು. ಏಳೂ ಸಮದೂರದಲ್ಲಿಲ್ಲ. ಅದನ್ನು ಹಿಡಿದು, ಕಾಲಲ್ಲಿ ಬೇರೊಂದು ನಡೆಯಿಟ್ಟು, ಪಕ್ಕದವನ ಮದ್ದಳೆ ಮೂರನೆಯ ದಾರಿ ಹಿಡಿದಾಗಲೂ ಜಾರದೆ ನಿಲ್ಲಬೇಕು. ಗಿನಿ, ಮಾಲಿ ನಾಡುಗಳ ಜೆಂಬೆಯನ್ನು ತೆಗೆದುಕೊಳ್ಳಿ: ಆಡಿನ ಚರ್ಮ ಒಂದೇ, ಕೈ ಅದೇ, ನಾದ ಮೂರು. ಅಂಗೈ ನಡುವಿಗೆ ಬಿದ್ದರೆ ಗಂಭೀರವಾದ ತಗ್ಗುದನಿ, ಬೆರಳು ಸೇರಿ ಅಂಚಿಗೆ ಬಿದ್ದರೆ ತುಂಬಿದ ನಾದ, ಬೆರಳು ಸಡಿಲಾಗಿ ಬಿದ್ದರೆ ಚಟ್ಟೆಂಬ ಚುರುಕು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಕೂದಲೆಳೆಯಷ್ಟು. ಕೊನ್ನಕ್ಕೋಲು ಕೇಳಿ ಬೆಳೆದವರಿಗೆ ಇದರ ಕಷ್ಟ ಹೇಳಿಕೊಡಬೇಕಾಗಿಲ್ಲ. ಬಾಯಿಗೆ ಬಾರದ್ದು ಕೈಗೆ ಬಾರದೆಂಬುದು ಅಲ್ಲಿಯೂ ಸತ್ಯ.

ಆ ನಾಡಿನಲ್ಲಿ ಈ ವಿದ್ಯೆಗೆ ಬೇರೊಂದು ಭಾರವೂ ಇದೆ. 1739ರಲ್ಲಿ ದಕ್ಷಿಣ ಕೆರೊಲಿನದ ಸ್ಟೋನೋ ಹೊಳೆಯ ಬಳಿ ಗುಲಾಮರು ದಂಗೆಯೆದ್ದರು. ಡೋಲು ಬಾರಿಸುತ್ತ ನಡೆದರು. ಮರುವರ್ಷವೇ ಬಂದ ಕಾನೂನು ಗುಲಾಮರ ಕೈಗೆ ಡೋಲು ಸಿಗದಂತೆ ತಡೆಯಿತು. ಡೋಲು ಬರಿಯ ಸದ್ದೆಂದು ಅಂದಿನ ಯಜಮಾನರು ನಂಬಿರಲಿಲ್ಲ! ಸರ್ಕಾರ ಒಮ್ಮೆ ಕಸಿದುಕೊಂಡದ್ದನ್ನು ಸರ್ಕಾರದ ದುಡ್ಡಿನಲ್ಲಿಯೇ ಕಲಿಸುವುದು ಮೋಜಿನ ಖರ್ಚೆನ್ನುವವರ ಲೆಕ್ಕ ನಮಗೆ ತಿಳಿಯದು.

ನಿಯಮಕ್ಕೆ ಬರೋಣ. ಹಣದ ಮುಗ್ಗಟ್ಟಿನ ದಿನಗಳಲ್ಲಿ ಗೊತ್ತುಮಾಡಿ 2013ರಿಂದ ಕ್ಯಾಲಿಫೋರ್ನಿಯದಲ್ಲಿ ಜಾರಿಗೆ ತಂದದ್ದು ಇದು: ಒಮ್ಮೆ ಪಾಸಾದ ಕ್ರೆಡಿಟ್ ಪಾಠಕ್ಕೆ ಸಾಮಾನ್ಯವಾಗಿ ಮತ್ತೆ ಸೇರುವಂತಿಲ್ಲ, ಆಟಪಾಟ, ಸಂಗೀತ, ನೃತ್ಯಗಳಲ್ಲಿ ಒಂದೇ ಜಾತಿಯ ಪಾಠಗಳು ಒಬ್ಬನಿಗೆ ಹೆಚ್ಚೆಂದರೆ ನಾಲ್ಕು. ಅದೇ ಪಾಠಕ್ಕೆ ವರ್ಷವರ್ಷವೂ ಬಂದು ಕೂರುವ ಮುದುಕರು ಹೊಸ ಹುಡುಗರ ಜಾಗ ತಿನ್ನುತ್ತಾರೆ, ಹವ್ಯಾಸಕ್ಕೆ ಬೊಕ್ಕಸವೇಕೆ ಎಂಬುದು ವಾದ. ಪೂರ್ತಿ ಖರ್ಚು ಕೊಟ್ಟು ಕಲಿಯಲಿ ಎನ್ನುತ್ತಾರೆ. ಜಾಗದ ಮಾತು ಸುಳ್ಳಲ್ಲ. ತುಂಬಿದ ತರಗತಿಯಲ್ಲಿ ಹೊಸಬನಿಗೆ ಮೊದಲ ಮಣೆ ಹಾಕಲಿ. ಆದರೆ ಕೂಡುವ ಲೆಕ್ಕ ಒಮ್ಮೆ ಬಂದರೆ ಬಂದಂತೆ. ಕೈ ಹಾಗಲ್ಲ, ಆರು ತಿಂಗಳು ಬಿಟ್ಟರೆ ಮರೆಯುತ್ತದೆ. ಮೇಲಾಗಿ, ಮೇಳದಲ್ಲಿ ಹೊಸಬನು ಕಲಿಯುವುದು ಅಧ್ಯಾಪಕರಿಂದ ಅರ್ಧ, ಪಕ್ಕದ ಹಳಬನಿಂದ ಅರ್ಧ. ಗಂಟೆ ಹಿಡಿಯುವ ಹಳಬಳನ್ನು ಹೊರಗೆ ಕಳಿಸಿದರೆ ಮೇಳವೇ ಕುಸಿಯುತ್ತದೆ. ನಾಲ್ಕು ಅರ್ಧವರ್ಷ ಮೃದಂಗ ಕಲಿತವನನ್ನು ನಮ್ಮ ಯಾವ ವಿದ್ವಾಂಸರು ಕಚೇರಿಗೆ ಕೂರಿಸುತ್ತಾರೆ?

ವಿನಾಯಿತಿಗಳೂ ಇವೆ, ಸ್ವಾರಸ್ಯವಿರುವುದು ಅಲ್ಲಿಯೇ. ಕಾಲೇಜುಗಳ ನಡುವಣ ಪಂದ್ಯಕ್ಕೆ ಆಡುವವನು ಮತ್ತೆ ಸೇರಬಹುದು. ಪದವಿಗೆ ಅಗತ್ಯವೆಂದು ವಿಶ್ವವಿದ್ಯಾನಿಲಯ ಕೇಳುವ ಪಾಠಕ್ಕೂ ಮತ್ತೆ ಸೇರಬಹುದು. ಗಾಯಕವೃಂದ, ಯೂರೋಪಿನ ವಾದ್ಯವೃಂದಗಳು ಈ ಬಾಗಿಲಲ್ಲಿ ಸಲೀಸಾಗಿ ನುಸುಳುತ್ತವೆ. ಚರ್ಮವಾದ್ಯ ಹೊಸ್ತಿಲಲ್ಲಿ ನಿಲ್ಲುತ್ತದೆ.

ಹಾಗೆಂದು ಎಲ್ಲ ತರಗತಿಗಳನ್ನೂ ನಾವು ಹೊಗಳಹೊರಟಿಲ್ಲ. ಸುತ್ತ ಕುಳಿತು, ಯಾವ ಜನರ ಲಯ, ಯಾವ ಸಂದರ್ಭದ್ದು, ಯಾರಿಂದ ಬಂದದ್ದು ಎಂಬುದೊಂದೂ ಗೊತ್ತಿಲ್ಲದೆ ಮನಬಂದಂತೆ ಬಾರಿಸಿ 'ಮನಸ್ಸು ಹಗುರಾಯಿತು' ಎಂದು ಏಳುವುದಕ್ಕೆ ಕ್ರೆಡಿಟ್ ಕೊಡಬೇಕಾಗಿಲ್ಲ.

ನಮ್ಮವರ ಇನ್ನೊಂದು ಗೊಣಗಾಟ ಉಳಿದಿದೆ. ಮೃದಂಗವನ್ನು ಜೆಂಬೆಯ ಪಕ್ಕದಲ್ಲಿ ಕೂರಿಸಿದ್ದಾರಂತೆ! 'ಜಗತ್ತಿನ ಸಂಗೀತ' ಎಂಬ ಹೆಸರನ್ನು ಅರುವತ್ತರ ದಶಕದ ಮೊದಲಲ್ಲಿ ಚಾಲ್ತಿಗೆ ತಂದವರೆಂದು ಹೇಳುವ ರಾಬರ್ಟ್ ಬ್ರೌನ್ ಅವರೇ ಮೃದಂಗದ ಮೇಲೆ ಪ್ರಬಂಧ ಬರೆದವರು. 1963ರಲ್ಲಿ ವೆಸ್ಲಿಯನ್ ವಿಶ್ವವಿದ್ಯಾನಿಲಯಕ್ಕೆ ಮೃದಂಗ ಕಲಿಸಲು ಹೋದ ಟಿ. ರಂಗನಾಥನ್, ನಾಟ್ಯದ ಬಾಲಸರಸ್ವತಿಯವರ ತಮ್ಮ. 1987ರಲ್ಲಿ ಲಂಡನ್ನಿನ ರೆಕಾರ್ಡು ವ್ಯಾಪಾರಿಗಳು ಅದೇ ಹೆಸರನ್ನು ಅಂಗಡಿಯ ಕಪಾಟಿಗೆ ಅಂಟಿಸಿಕೊಂಡರು, ಅದು ಬೇರೆ ಮಾತು. ಬಾಕ್ ಬರಿಯ 'ಸಂಗೀತ', ಮಿಕ್ಕವರೆಲ್ಲ 'ಜಗತ್ತು' ಎಂಬ ವಿಂಗಡಣೆ ಅನ್ಯಾಯವೇ. ಆದರೆ ನಮ್ಮವರು ಕೇಳುವುದು ಆ ಗೋಡೆ ಬೀಳಲೆಂದಲ್ಲ. ತಮ್ಮನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲೆಂದು. ಜೆಂಬೆಯದು ಆಡಿನ ಚರ್ಮವಾದರೆ ಮೃದಂಗಕ್ಕೆ ಹಸು, ಎಮ್ಮೆ, ಆಡು ಮೂರರದೂ ಬೇಕು. ಆ ಚರ್ಮವನ್ನು ಹದಮಾಡಿ ಮುಚ್ಚಿಗೆ ಕಟ್ಟುವ ಕುಟುಂಬಗಳ ಕಥೆಯನ್ನು ಟಿ. ಎಂ. ಕೃಷ್ಣ ಅವರು 2020ರಲ್ಲಿ ಪುಸ್ತಕ ಮಾಡುವ ತನಕ ಸಭೆಯಲ್ಲಿ ಅದನ್ನು ಕೇಳಿದವರೆಷ್ಟು? ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರು ಘಟ ಹಿಡಿದು ವೇದಿಕೆಗೆ ಬರಲು, ಹೆಂಗಸೆಂಬ ಕಾರಣಕ್ಕೆ ಎಷ್ಟು ಅಡ್ಡಿಗಳನ್ನು ದಾಟಬೇಕಾಯಿತೆಂಬುದು ಬಲ್ಲವರಿಗೆ ಗೊತ್ತು. ಆ ಅಗ್ಗದ ಕಾಲೇಜಿನ ಕೋಣೆಯಲ್ಲಿ ಡೋಲಿನ ಮುಂದೆ ಕೂರಲು ಬಂದವಳನ್ನು ಹೆಣ್ಣೇ ಎಂದಾಗಲಿ, ಯಾವ ಮನೆತನವೆಂದಾಗಲಿ ಕೇಳುವುದಿಲ್ಲ. ಈ ಪಾಠಕ್ಕೆ ಎಷ್ಟು ಸಲ ಬಂದಿದ್ದೀರಿ ಎಂದು ಮಾತ್ರ ಕೇಳುತ್ತಾರೆ.