ಹಾಜರಿ ಪುಸ್ತಕದಲ್ಲಿದ್ದಾಳೆ, ಪಾಠದಲ್ಲಿ?

ಈ ವಾರ ಒಬ್ಬ ಟೀಚರ್ ಪತ್ರ ಬರೆದಿದ್ದಾರೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಕ್ಲಾಸಲ್ಲಿ 38 ಮಕ್ಕಳು, ಅದರಲ್ಲಿ ಒಬ್ಬಳಿಗೆ ಕಿವಿಗೆ ಮಷಿನ್. ಹುಡುಗಿ ಜಾಣೆಯಂತೆ, ಆದ್ರೆ ಡಿಕ್ಟೇಶನ್ ಕೊಟ್ಟರೆ ಪುಸ್ತಕ ಖಾಲಿ. ಬಿ.ಎಡ್.ನಲ್ಲಿ ಸಮನ್ವಯ ಶಿಕ್ಷಣದ ಪೇಪರ್ ಓದಿ ಪಾಸಾಗಿದ್ದಾರೆ. ಆದರೂ ಅವಳನ್ನ ಎಲ್ಲಿ ಕೂರಿಸಬೇಕು ಅನ್ನೋದೇ ತಿಳೀತಿಲ್ಲ ಅಂತಾರೆ.

ಇದು ಅವರೊಬ್ಬರ ಕಷ್ಟ ಅಲ್ಲ. ನಮ್ಮಲ್ಲಿ ಕಾನೂನು ಮುಂದೆ ಹೋಗಿದೆ, ತರಬೇತಿ ಹಿಂದೆ ಉಳಿದಿದೆ.

ಕಾನೂನು ಏನು ಹೇಳುತ್ತೆ ನೋಡಿ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21. ಆಟಿಸಂ, ಕಲಿಕಾ ನ್ಯೂನತೆ ಕೂಡ ಸೇರಿವೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ, ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ, ಉಚಿತವಾಗಿ ಓದುವ ಹಕ್ಕಿದೆ. ಶಿಕ್ಷಕರಿಗೆ ತರಬೇತಿ ಕೊಡಬೇಕು, ಬ್ರೈಲ್ ಮತ್ತು ಸಂಜ್ಞಾ ಭಾಷೆ ಬಲ್ಲವರನ್ನು ನೇಮಿಸಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ಲೆಕ್ಕವನ್ನೂ ಹಾಕಿಕೊಟ್ಟಿತು: ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು.

ಸರಿ, ಈ ಶಿಕ್ಷಕರು ತಯಾರಾಗೋದು ಹೇಗೆ? ಎರಡು ದಾರಿ. ಒಂದು, ವಿಶೇಷ ಬಿ.ಎಡ್. ಇದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಬೇಕು. ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಕೇಳದ ಮಕ್ಕಳಿಗೆ ಕಲಿಸೋರನ್ನ ಹೀಗೆ ತಯಾರು ಮಾಡ್ತಾರೆ. ಇನ್ನೊಂದು, ಸಾಮಾನ್ಯ ಬಿ.ಎಡ್. 2014ರ ನಿಯಮಗಳ ನಂತರ ಅದು ಎರಡು ವರ್ಷದ್ದಾಯ್ತು, ಸಮನ್ವಯ ಶಾಲೆಯ ಬಗ್ಗೆ ಒಂದು ಪೇಪರ್ ಸೇರಿತು. ತೊಂದರೆ ಇರೋದು ಇಲ್ಲೇ. ಮಗು ದಿನದ ಬಹುಪಾಲು ಹೊತ್ತು ಕಳೆಯೋದು ಸಾಮಾನ್ಯ ಟೀಚರ್ ಜೊತೆ. ಅವರಿಗೆ ಸಿಕ್ಕಿರೋದು ವೈಕಲ್ಯಗಳ ಪಟ್ಟಿ, ಕಾಯ್ದೆಗಳ ಇಸವಿ. ಅಂಥ ಒಂದು ಮಗುವಿನ ಪಕ್ಕ ಕೂತು ಪಾಠ ಮಾಡಿದ ಅನುಭವ ಸಿಕ್ಕಿದ್ದರೆ ಅದು ಅದೃಷ್ಟ. ಈಜೋದನ್ನ ಬೋರ್ಡ್ ಮೇಲೆ ಬರೆದು ಕಲಿಸಿದ ಹಾಗಾಯ್ತು.

ಪತ್ರ ಬರೆದ ಟೀಚರ್‌ಗೆ ಈಗ ಉತ್ತರ. ಅವಳನ್ನ ಮುಂದಿನ ಸಾಲಿನಲ್ಲಿ, ಚೆನ್ನಾಗಿ ಕೇಳುವ ಕಿವಿ ನಿಮ್ಮ ಕಡೆ ಬರೋ ಹಾಗೆ ಕೂರಿಸಿ. ಸದ್ದು ಮಾಡೋ ಫ್ಯಾನಿಂದ, ರಸ್ತೆ ಕಡೆ ಕಿಟಕಿಯಿಂದ ದೂರ ಇರಲಿ. ಬೋರ್ಡ್ ಕಡೆ ತಿರುಗಿಕೊಂಡು ಮಾತಾಡಬೇಡಿ, ಅವಳಿಗೆ ನಿಮ್ಮ ತುಟಿ ಕಾಣಬೇಕು. ಕಿಟಕಿಗೆ ಬೆನ್ನು ಹಾಕಿ ನಿಂತರೂ ಮುಖ ಕತ್ತಲಾಗುತ್ತೆ. ಪಾಠದ ಹೆಸರು, ಪುಟದ ಸಂಖ್ಯೆ ಬೋರ್ಡ್ ಮೇಲೆ ಬರೆಯಿರಿ. ‘ಅರ್ಥ ಆಯ್ತಾ?’ ಅಂತ ಕೇಳಿದರೆ ಎಲ್ಲ ಮಕ್ಕಳೂ ತಲೆ ಆಡಿಸ್ತಾರೆ. ‘ನಾನೇನು ಹೇಳಿದೆ, ಹೇಳು’ ಅನ್ನಿ, ಆಗ ಗೊತ್ತಾಗುತ್ತೆ.

ಇದೇ ರೀತಿ, ಕಣ್ಣು ಮಂದ ಇರುವ ಮಗುವಿಗೆ ಬೋರ್ಡ್ ಮೇಲೆ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳಬೇಕು. ಆಟಿಸಂ ಇರುವ ಮಗುವಿಗೆ ಇವತ್ತು ಯಾವುದರ ನಂತರ ಯಾವುದು ಅಂತ ಚಿತ್ರದಲ್ಲಿ ತೋರಿಸಿದರೆ ಗಾಬರಿ ಕಡಿಮೆ. ಬರೆಯೋಕೆ ಕೈ ಸಹಕರಿಸದ ಮಗುವಿನ ಉತ್ತರವನ್ನ ಬಾಯಲ್ಲೇ ಕೇಳಬಹುದು. ಇದ್ಯಾವುದಕ್ಕೂ ದುಡ್ಡು ಬೇಕಿಲ್ಲ, ಮೊದಲೇ ಯಾರಾದ್ರೂ ಹೇಳಿಕೊಡಬೇಕು ಅಷ್ಟೆ. ಇನ್ನೊಂದು ಮಾತು, ಇವುಗಳಿಂದ ಉಳಿದ 37 ಮಕ್ಕಳಿಗೂ ಪಾಠ ಚೆನ್ನಾಗಿ ಹತ್ತುತ್ತೆ.

ಹಾಗಂತ ಟೀಚರ್ ಒಬ್ಬರೇ ಎಲ್ಲ ಹೊರಬೇಕು ಅಂತಲ್ಲ. ಸಂಜ್ಞಾ ಭಾಷೆ, ಬ್ರೈಲ್, ಸ್ಪೀಚ್ ಥೆರಪಿ ಇವೆಲ್ಲ ಪರಿಣತರ ಕೆಲಸ. ಸರ್ಕಾರಿ ಶಾಲೆಗಳಿಗೆ ಇದಕ್ಕಾಗಿ ಬ್ಲಾಕ್ ಮಟ್ಟದಲ್ಲಿ ಬಿ.ಐ.ಇ.ಆರ್.ಟಿ.ಗಳು, ಅಂದ್ರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಇದ್ದಾರೆ. ಬಿ.ಆರ್.ಸಿ. ಕಚೇರಿಯಲ್ಲಿ ವಿಚಾರಿಸಿ. ಆದ್ರೆ ಒಬ್ಬರು ಹಲವು ಶಾಲೆ ಸುತ್ತಬೇಕು. ಅವರು ಬಂದ ದಿನ ಮಗುವನ್ನ ಪಕ್ಕದ ಕೋಣೆಗೆ ಕರ್ಕೊಂಡು ಹೋಗಿ ಪಾಠ ಮಾಡಿದರೆ ಆ ದಿನದ ಲಾಭ ಆ ಮಗುವಿಗಷ್ಟೆ. ಅದೇ ಕ್ಲಾಸಲ್ಲಿ ಟೀಚರ್ ಜೊತೆ ನಿಂತು ಪಾಠ ಮಾಡಿದರೆ ಟೀಚರ್ ಕೂಡ ಕಲೀತಾರೆ, ಉಳಿದ ದಿನಗಳೂ ಸಾಗುತ್ತವೆ. ನನ್ನ ಪ್ರಕಾರ ನಿಜವಾದ ತರಬೇತಿ ಅದೇ.

ಇದನ್ನ ಓದ್ತಿರೋ ನಿಮ್ಮಲ್ಲಿ ಹಲವರು ಟೀಚರ್ ಅಲ್ಲ, ಪೋಷಕರು. ನಿಮ್ಮ ಮಗುವಿಗೆ ಏನೂ ತೊಂದರೆ ಇಲ್ಲದಿರಬಹುದು. ಆದರೂ ಮುಂದಿನ ಪೋಷಕರ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಇಲ್ಲಿನ ಟೀಚರ್‌ಗಳಿಗೆ ಇದರ ತರಬೇತಿ ಕೊನೇ ಸಲ ಯಾವಾಗ ಆಯ್ತು? ವಿಶೇಷ ಶಿಕ್ಷಕರು ಎಷ್ಟು ದಿನಕ್ಕೊಮ್ಮೆ ಬರ್ತಾರೆ? ಪರೀಕ್ಷೆಯಲ್ಲಿ ಬರೆದುಕೊಡುವವರು, ಹೆಚ್ಚಿನ ಸಮಯ ಬೇಕಾದ ಮಗುವಿಗೆ ಆ ವ್ಯವಸ್ಥೆ ಮಾಡಿದ್ದೀರಾ?

ಆ ಹುಡುಗಿಯ ಅಪ್ಪ ಅಮ್ಮ ಇದನ್ನೇ ಕೇಳಿದರೆ ‘ಬೇರೆ ಶಾಲೆ ನೋಡಿ’ ಅನ್ನೋ ಉತ್ತರ ಬರೋ ಭಯ ಅವರಿಗಿರುತ್ತೆ. ನಿಮಗೆ ಆ ಭಯ ಇಲ್ವಲ್ಲ, ಹಾಗಾಗಿ ನೀವು ಕೇಳಿ.