ಅಲಿಫ್ ಎಲ್ಲಿ ಹೋಯಿತು?

ಮದ್ರಸದಿಂದ ಬಂದ ಮಗಳು, "ಉಮ್ಮಾ, ಪಾಠಪುಸ್ತಕದಲ್ಲಿ 'ಸಲಾತ್' ಪದಕ್ಕೆ ಅಲಿಫ್ ಇದೆ, ಕುರ್‌ಆನಿನಲ್ಲಿ ವಾವ್ ಇದೆ. ಯಾವುದು ತಪ್ಪು?" ಎಂದು ಕೇಳಿದರೆ ಗದರಿಸಬೇಡಿ. ಎರಡೂ ಸರಿಯೇ. ಹ. ಉಸ್ಮಾನ್(ರ)ರು ಪ್ರತಿಗಳನ್ನು ಬರೆಸಿದಾಗಿನ ಅಕ್ಷರಕ್ರಮ ಮುಸ್‌ಹಫ್‌ಗಳಲ್ಲಿ ಉಳಿದುಕೊಂಡಿತು. ದಿನಬಳಕೆಯ ಅರಬಿ ಬರವಣಿಗೆ ಮುಂದೆ ಬದಲಾಯಿತು.

ಇಬ್ರಾಹೀಮ್ ಎಂಬ ಹೆಸರನ್ನೇ ನೋಡಿ. ಅಲ್‌ಬಕರ ಅಧ್ಯಾಯದ 15 ಕಡೆಗಳಲ್ಲೂ ಅದಕ್ಕೆ 'ಯಾ' ಅಕ್ಷರವಿಲ್ಲ, ಉಳಿದ ಅಧ್ಯಾಯಗಳಲ್ಲಿದೆ. ನಾವು ಓದುವ ಕ್ರಮದಲ್ಲಿ ಉಚ್ಚಾರ ಒಂದೇ. ನಾನಂತೂ ಬಹುಕಾಲ ಇದನ್ನು ಅಚ್ಚಿನ ತಪ್ಪೆಂದೇ ತಿಳಿದಿದ್ದೆ!

ಹೊಸ ಕ್ರಮದಲ್ಲಿ ಮುಸ್‌ಹಫ್ ಬರೆಯಬಹುದೇ ಎಂದು ಕೇಳಿದವರಿಗೆ ಇಮಾಮ್ ಮಾಲಿಕ್(ರ) ಬೇಡವೆಂದರೆಂಬ ವರದಿಯಿದೆ. ಮಕ್ಕಳು ಕಲಿಯುವ ಪ್ರತಿಗಳಿಗೆ ಚುಕ್ಕೆ ಹಾಕಲು ಮಾತ್ರ ಅವರು ಒಪ್ಪಿದ್ದರು. ಅಚ್ಚಿನ ಯುಗದಲ್ಲಿ ಕೆಲವು ಮುದ್ರಣಗಳು ಹೊಸ ಬರವಣಿಗೆಯತ್ತ ವಾಲಿದ್ದವು. 1924ರ ಕೈರೋ ಮುದ್ರಣ ಹಳೆಯದಕ್ಕೇ ಮರಳಿತು.

ಈಗ ಮಗಳನ್ನು ಹತ್ತಿರ ಕೂರಿಸಿಕೊಂಡು 'ಸಲಾತ್' ಪದದ ಮೇಲಿರುವ ಪುಟ್ಟ ನಿಂತ ಗೀರನ್ನು ತೋರಿಸಿ. ನಮ್ಮ ದೇಶದ ಪ್ರತಿಗಳಲ್ಲಿ ಅದು ಸಾಮಾನ್ಯವಾಗಿ ಲಾಮ್ ಮೇಲಿದೆ. ಹಜ್ಜ್‌ಗೆ ಹೋದವರು ತಂದ ಮದೀನಾ ಪ್ರತಿಯಿದ್ದರೆ ತೆರೆದು ನೋಡಿ, ಅಲ್ಲಿ ವಾವ್ ಮೇಲಿದೆ. ಅವಳು ಹುಡುಕುತ್ತಿದ್ದ ಅಲಿಫ್ ಅದೇ.