ಮುಖ ನೋಡಿ ಮಾಡುವ ನಮಸ್ಕಾರ



ನಮ್ಮ ಯಾವ ಸಭೆಗೆ ಹೋದರೂ ಈಗ ಒಂದೇ ಗೋಳು. ಗ್ಯಾಸಿನ ದರ, ಬಾಡಿಗೆ, ಲೈಸೆನ್ಸು ಎಲ್ಲ ಮಾತಾಡಿ ಮುಗಿಸಿದ ಮೇಲೆ ಕಡೆಗೆ ಬಂದು ನಿಲ್ಲುವುದು "ಹುಡುಗರು ನಿಲ್ಲುವುದಿಲ್ಲ ಮಾರಾಯ್ರೆ" ಎಂಬಲ್ಲಿಗೆ. ಸಂಬಳ, ಊಟ, ಮಲಗುವ ಜಾಗ, ಈ ಮೂರರ ಬಗ್ಗೆ ತಿಳಿದವರು ಸಾಕಷ್ಟು ಹೇಳಿದ್ದಾರೆ. ನಾನು ಹತ್ತನೆಯ ತರಗತಿಯವರೆಗೆ, ಅದೂ ರಾತ್ರಿ ಶಾಲೆಯಲ್ಲಿ ಕಲಿತವನು. ದೊಡ್ಡ ವಿಚಾರ ಬರೆಯಲು ಬಾರದು. ಬರೆಯಬೇಕೆಂದಿರುವುದು ಒಂದು ಸಣ್ಣ ವಿಷಯ: ಪರವೂರಿನಿಂದ ಬಂದವನನ್ನು ನಾವು ಏನೆಂದು ಕರೆಯುತ್ತೇವೆ, ಅವನಿಗೆ ಹೇಗೆ ನಮಸ್ಕಾರ ಹೇಳುತ್ತೇವೆ ಎಂಬುದು.

ಮೊದಲು ನಮ್ಮದೇ ಅನುಭವ ನೋಡಿ. ಮುಂಬಯಿಯಲ್ಲಿ ಗಲ್ಲಾದಲ್ಲಿ ಕೂತವನಿಗೆ ದಿನಕ್ಕೆ ನಾಲ್ಕು ಸಲವಾದರೂ "ವಣಕ್ಕಂ ಅಣ್ಣಾ" ಎಂಬ ಮಾತು ಕೇಳಿಸುತ್ತದೆ. ಹೇಳುವ ಗಿರಾಕಿ ಕೆಟ್ಟವನಲ್ಲ. ನಗುತ್ತಲೇ ಹೇಳುತ್ತಾನೆ. ನಮ್ಮ ಭಾಷೆಯಲ್ಲಿ ಎರಡು ಮಾತಾಡಿ ನಮ್ಮನ್ನು ಖುಷಿಪಡಿಸಿದೆ ಎಂದು ಅವನ ಎಣಿಕೆ. ಆದರೆ ತಮಿಳು ನಮ್ಮಲ್ಲಿ ಎಷ್ಟು ಮನೆಯ ಮಾತು? ಹೆಚ್ಚಿನವರು ಮನೆಯಲ್ಲಿ ತುಳು ಮಾತಾಡುವವರು, ಕೆಲವರು ಕೊಂಕಣಿಯವರು, ಕುಂದಾಪುರದ ಕಡೆಯವರದ್ದು ಬೇರೆಯೇ ಕನ್ನಡ. ಗಿರಾಕಿಗೆ ಅದೆಲ್ಲ ಗೊತ್ತಿಲ್ಲ. ಇಡ್ಲಿ ಕಂಡ, ಹಣೆಯ ಗಂಧ ಕಂಡ, ಲೆಕ್ಕ ಮುಗಿಯಿತು. ನಾವೂ ನಕ್ಕು "ವಣಕ್ಕಂ" ಎನ್ನುತ್ತೇವೆ. ವ್ಯಾಪಾರ ತಾನೆ.

ಇದನ್ನು ದೊಡ್ಡ ಅವಮಾನ ಎಂದು ನಾನು ಹೇಳುವುದಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ "ಬಜಾವ್ ಪುಂಗಿ, ಹಠಾವ್ ಲುಂಗಿ" ಎಂಬ ಕೂಗಿನೊಂದಿಗೆ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆ ಕಲ್ಲಿನ ಮುಂದೆ ಈ ವಣಕ್ಕಂ ಹೂವಿನ ಹಾಗೆ. ಆದರೂ ಕಲ್ಲು ಹೊಡೆದವನೂ ಹೂವು ಎಸೆದವನೂ ಒಂದು ವಿಷಯದಲ್ಲಿ ಸಮ. ಇಬ್ಬರೂ ಎದುರಿನವನನ್ನು "ನೀನು ಯಾರು" ಎಂದು ಕೇಳಲಿಲ್ಲ.

ಕೇಳಿದವರೂ ಇದ್ದಾರೆ. ನಮ್ಮಲ್ಲಿಗೆ ಚಹಾಕ್ಕೆ ಬರುವ ಒಬ್ಬ ಮರಾಠಿ ನಿವೃತ್ತ ಮಾಸ್ತರರು ಮೊದಲ ವಾರವೇ "ತುಮಚಂ ಗಾವ್ ಕುಠಲಂ?" ಎಂದು ಕೇಳಿದರು. ಹೇಳಿದೆ. ಆಮೇಲೆ ಪ್ರತಿ ಜೂನ್‌ನಲ್ಲಿ "ಗಾವಾಲಾ ಪಾವೂಸ್ ಆಹೇ ಕಾ?" ಎಂದು ಕೇಳುತ್ತಾರೆ, ಊರಲ್ಲಿ ಮಳೆ ಉಂಟೋ ಎಂದು. ಕನ್ನಡದ ಒಂದು ಅಕ್ಷರವೂ ಅವರಿಗೆ ಬಾರದು. ಅವರ ಮರಾಠಿಯ ಆ ಒಂದು ಪ್ರಶ್ನೆಗೆ ನೂರು ವಣಕ್ಕಂ ಸಾಟಿಯಿಲ್ಲ.

ಈಗ ನಮ್ಮ ಅಡುಗೆಮನೆಗೆ ಬನ್ನಿ. ಒಂದು ಕಾಲದಲ್ಲಿ ಭಂಡಾರಿಯಿಂದ ಹಿಡಿದು ಕಪ್ಪು ಬಶಿ ತೊಳೆಯುವ ಹುಡುಗನವರೆಗೆ ಎಲ್ಲರೂ ಊರಿನವರೇ ಇದ್ದರು. ಊರಿನ ಮಕ್ಕಳು ಓದಿ ಬೇರೆ ದಾರಿ ಹಿಡಿದರು, ಒಳ್ಳೆಯದೇ ಆಯಿತು. ಈಗ ಒಲೆಯ ಮುಂದೆ ಇರುವವರು ಬಿಹಾರ, ಉತ್ತರ ಪ್ರದೇಶ, ಜಾರ್ಖಂಡ್, ಒಡಿಶಾ, ಬಂಗಾಳ, ಅಸ್ಸಾಮ್, ನೇಪಾಳದವರು. ಇವರನ್ನು ನಾವು ಕರೆಯುವುದು ಹೇಗೆ? "ಏ ಭಯ್ಯಾ", "ಏ ಬಹಾದ್ದೂರ್", "ಏ ಛೋಟು". ಭಯ್ಯಾ ಎಂದರೆ ಅಣ್ಣ, ಬಹಾದ್ದೂರ್ ಎಂದರೆ ಶೂರ. ಅರ್ಥ ನೋಡಿದರೆ ಎಲ್ಲವೂ ಬಹುವಚನದ ಮರ್ಯಾದೆಯೇ. ಆದರೆ ನಮ್ಮನ್ನು "ಅಣ್ಣಾ" ಎಂದು ಎಳೆದು ಕರೆದಾಗ ಅದರಲ್ಲಿ ಎಷ್ಟು ಅಣ್ಣತನ ಉಂಟೆಂದು ನಮಗೆ ಗೊತ್ತಿಲ್ಲವೇ? ಛೋಟು ಎನ್ನಿಸಿಕೊಳ್ಳುವ ಕೆಲವರಿಗೆ ಊರಲ್ಲಿ ಎರಡು ಮಕ್ಕಳಿವೆ.

ಇನ್ನೊಂದು ಮಾತು, ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು. ನಮ್ಮ ಹೋಟೆಲುಗಳಲ್ಲಿ ಚೈನೀಸ್ ಸೆಕ್ಷನ್ ಬಂದ ಮೇಲೆ ನೇಪಾಳ, ಡಾರ್ಜಿಲಿಂಗ್, ಮಣಿಪುರದ ಹುಡುಗರನ್ನು ಬೇಕೆಂದೇ ಗಿರಾಕಿಗಳಿಗೆ ಕಾಣುವ ಹಾಗೆ ಅಲ್ಲಿ ನಿಲ್ಲಿಸುವವರಿದ್ದಾರೆ. "ನೋಡಲಿಕ್ಕೆ ಒಪ್ಪುತ್ತದೆ" ಎಂಬ ಲೆಕ್ಕ. ಗಿರಾಕಿ ಮಕ್ಕಳನ್ನು ಕರೆದುಕೊಂಡು ಬಂದು ಆ ಹುಡುಗನಿಗೆ "ನೀ ಹಾವ್" ಎನ್ನುತ್ತಾನೆ. ಮಕ್ಕಳೂ ಹೇಳುತ್ತವೆ. ಪ್ರೀತಿಯಿಂದಲೇ. ಹುಡುಗ ನಗುತ್ತಾನೆ, ಧಣಿ ಗಲ್ಲಾದಲ್ಲಿ ನಗುತ್ತಾನೆ. ಆ ಹುಡುಗ ಹುಟ್ಟಿದ್ದು ನಮ್ಮ ದೇಶದಲ್ಲೋ ನೇಪಾಳದಲ್ಲೋ, ಮನೆಯಲ್ಲಿ ಆಡುವುದು ಮಣಿಪುರಿಯೋ ನೇಪಾಳಿಯೋ, ಚೀನೀ ಭಾಷೆ ಅವನಿಗೂ ಬಾರದು, ನಮಗೂ ಬಾರದು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರನ್ನು ಬೀದಿಯಲ್ಲಿ "ಕೊರೊನಾ" ಎಂದು ಕೂಗಿ ಕರೆದದ್ದು ಪತ್ರಿಕೆಗಳಲ್ಲಿ ಬಂತು. ನೀ ಹಾವ್ ಹೇಳಿದ ಬಾಯಿಗೆ ಕೊರೊನಾ ಎನ್ನಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಹುಡುಗನನ್ನು ಮುಖ ನೋಡಿ ಕೌಂಟರಿನಲ್ಲಿ ನಿಲ್ಲಿಸಿದವರು ನಾವು. ಗಿರಾಕಿಗೆ ಪಾಠ ಹೇಳುವ ಮೊದಲು ಅಲ್ಲಿಂದ ಶುರು ಮಾಡಬೇಕು.

ಹಬ್ಬದ ಶುಭಾಶಯವೂ ಹೀಗೆಯೇ. ನನ್ನ ಪರಿಚಯದ ಒಬ್ಬ ಧಣಿ, ನಿಜವಾಗಿ ಮೃದು ಮನಸ್ಸಿನವರು, ಡಿಸೆಂಬರ್ 25ಕ್ಕೆ ತಮ್ಮ ಅಸ್ಸಾಮಿನ ಹುಡುಗರಿಗೆಲ್ಲ ಕೇಕ್ ತರಿಸಿ "ಹ್ಯಾಪಿ ಕ್ರಿಸ್‌ಮಸ್" ಹೇಳಿದರು. ಆ ಕಡೆಯವರೆಲ್ಲ ಕ್ರಿಶ್ಚಿಯನ್ನರು ಎಂದು ಅವರ ತಿಳುವಳಿಕೆ. ಹುಡುಗರು ಹಿಂದೂಗಳು, ಕೇಕ್ ತಿಂದರು. ಅವರ ಹಬ್ಬ ಬಿಹು. ಅದು ಬರುವುದು ಏಪ್ರಿಲ್ ಮಧ್ಯದಲ್ಲಿ, ನಮ್ಮ ತುಳುವರ ಬಿಸು ಪರ್ಬದ ಹೊತ್ತಿಗೇ. ಹೆಸರು ಕೇಳಿದರೇ ನೆಂಟಸ್ತಿಕೆ ಕಾಣುತ್ತದೆ. ಬಿಸು ಕಣಿ ಇಟ್ಟು ಮನೆಯಲ್ಲಿ ಪಾಯಸ ಉಂಡು ಬಂದ ಧಣಿ ಆ ದಿನ ಅದೇ ಹುಡುಗರಿಗೆ ತಡವಾಗಿ ಬಂದರೆಂದು ಬೈದಿರಲಿಕ್ಕೂ ಸಾಕು!

ಪಶ್ಚಿಮ ಒಡಿಶಾದವರ ದೊಡ್ಡ ಹಬ್ಬ ನುವಾಖಾಯಿ. ಗಣೇಶ ಚೌತಿಯ ಮರುದಿನ ಅವರು ಹೊಸ ಅಕ್ಕಿ ಉಣ್ಣುತ್ತಾರೆ. ನಮ್ಮ ಊರಿನ ಹೊಸ ಅಕ್ಕಿ ಊಟವನ್ನು ನೆನಪು ಮಾಡಿಕೊಳ್ಳಿ, ಬೇರೆ ವಿವರ ಬೇಡ. ಬಿಹಾರದವರ ಛಠ್ ದೀಪಾವಳಿ ಅಮಾವಾಸ್ಯೆ ಕಳೆದ ಆರನೆಯ ದಿನ. ನೇಪಾಳದವರ ದಶೈಂ ನಮ್ಮ ನವರಾತ್ರಿಯ ಹೊತ್ತಿಗೆ, ವಿಜಯದಶಮಿಯಂದು ಹಿರಿಯರ ಕೈಯಿಂದ ಅಕ್ಕಿ ಮೊಸರಿನ ಟೀಕಾ ಹಣೆಗೆ ಹಚ್ಚಿಸಿಕೊಳ್ಳಬೇಕು. ರಜೆ ಕೇಳಿದಾಗ "ಸೀಸನ್‌ನಲ್ಲೇ ಓಡುತ್ತಾರೆ" ಎಂದು ನಾವು ಗೊಣಗುವುದು ಈ ದಿನಗಳಿಗೇ. ನಾವು ಊರಿನ ಕೋಲ, ಕಂಬಳ, ಆಯನಕ್ಕೆ ಓಡುತ್ತಿದ್ದಾಗ ನಮ್ಮ ಧಣಿಗಳೂ ಇದನ್ನೇ ಗೊಣಗುತ್ತಿದ್ದರು.

ಇದೆಲ್ಲ ಬರೀ ಮರ್ಯಾದೆಯ ಮಾತಾಗಿ ಉಳಿದಿಲ್ಲ. 2025ರಲ್ಲಿ ಮಹಾರಾಷ್ಟ್ರದಲ್ಲಿ ಹಿಡಿದ ಪಶ್ಚಿಮ ಬಂಗಾಳದ ಕೆಲವು ಕೂಲಿಕಾರರನ್ನು ಬಾಂಗ್ಲಾದವರೆಂದು ಗಡಿ ದಾಟಿಸಿ, ಆಮೇಲೆ ನಮ್ಮವರೇ ಎಂದು ತಿಳಿದು ಹಿಂದಕ್ಕೆ ಕರೆತಂದ ಸುದ್ದಿ ಎಲ್ಲರೂ ಓದಿದ್ದೀರಿ. ಅಂಥ ದಿನಗಳಲ್ಲಿ ಮಾಲ್ದಾದ ಹುಡುಗನನ್ನು ತುಂಬಿದ ಹೋಟೆಲಿನಲ್ಲಿ ತಮಾಷೆಗೆ "ಏ ಬಾಂಗ್ಲಾದೇಶಿ, ನೀರು ಕೊಡು" ಎಂದು ಕೂಗಿದರೆ ಏನಾದೀತು? ಕೂಗಿದ ಮೆಹ್ತಾಜಿಗೆ ಅದು ಸಲಿಗೆ. ಮೂರನೆಯ ಟೇಬಲಿನಲ್ಲಿ ಕೂತವನಿಗೆ ಅದು ಸುಳಿವು. "ಊರು ಯಾವುದು" ಎಂದು ನಾವು ಪ್ರೀತಿಯಿಂದ ಕೇಳಿದರೂ ಆ ಹುಡುಗ ಬೆದರುವ ಕಾಲ ಇದು, ಏಕೆಂದರೆ ಚೌಕಿಯಲ್ಲಿಯೂ ಅದೇ ಪ್ರಶ್ನೆ. ಆದ್ದರಿಂದ ಕೇಳುವುದಿದ್ದರೆ ಕೆಲಸಕ್ಕೆ ಸೇರಿದ ದಿನ, ಕೂರಿಸಿ, ಊಟ ಕೊಟ್ಟ ಮೇಲೆ ಕೇಳಬೇಕು. ಗಿರಾಕಿಗಳ ಎದುರು ಅಲ್ಲ.

"ಇಪ್ಪತ್ತು ಜನರ ಊರು, ಹಬ್ಬ ಕೇಳುತ್ತಾ ಕೂತರೆ ದೋಸೆ ಹೊಯ್ಯುವವರು ಯಾರು?" ಎಂದು ಮೊನ್ನೆ ಒಬ್ಬರು ನನ್ನನ್ನೇ ಕೇಳಿದರು. ಸರಿಯಾದ ಪ್ರಶ್ನೆ. ಎಲ್ಲ ಭಾಷೆಯ ನಮಸ್ಕಾರವನ್ನು ಬಾಯಿಪಾಠ ಮಾಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಬಾಯಿಗೆ ಬರುವ ಹಿಂದಿ ಸಾಕು. ಜೊತೆಗೆ ಅವನ ಹೆಸರು ಬೇಕು, ಅಷ್ಟೇ.

ನಾನು ಒಂದು ಸಾದಾ ವಹಿಯಲ್ಲಿ ನಾಲ್ಕು ಕಾಲಂ ಎಳೆದಿದ್ದೇನೆ: ಪೂರ್ತಿ ಹೆಸರು, ಊರು ಮತ್ತು ಜಿಲ್ಲೆ, ಮನೆಯಲ್ಲಿ ಕರೆಯುವ ಹೆಸರು, ರಜೆ ಬೇಕಾಗುವ ಹಬ್ಬ. ಮೆಹ್ತಾಜಿ ಇದನ್ನು ನೋಡಿ ವರ್ಷದ ರಜೆಯನ್ನು ಮೊದಲೇ ಹಂಚುತ್ತಾನೆ. ಛಠ್‌ಗೆ ಹೋದವನ ಜಾಗಕ್ಕೆ ಒಡಿಶಾದವನು, ಚೌತಿಯಲ್ಲಿ ಒಡಿಶಾದವನ ಜಾಗಕ್ಕೆ ಬಿಹಾರದವನು. ಪೇಚಾಟ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಮುಂದಿನ ಸಭೆಗೆ ಆ ವಹಿಯ ಹಾಳೆಯನ್ನು ಜೆರಾಕ್ಸ್ ಮಾಡಿಸಿ ತರುತ್ತೇನೆ. ಬೇಕಾದವರು ಒಂದೊಂದು ಒಯ್ಯಿರಿ.